ಬತ್ತಲಗುಂಡು ದಾರಿಯಲ್ಲಿ ನಿಲ್ಲದ ಪಂಪು

ಅರವತ್ತರ ದಶಕದ ನಡುವಿನಲ್ಲಿ ನಮ್ಮ ಮನೆಗೊಂದು ಕಾರು ಬಂತು. ತಮಿಳು ಸೀಮೆಯ ಕಂಬಂ ಕಣಿವೆಯ ಮೇಲಿನ ಬೆಟ್ಟದಲ್ಲಿ ತೋಟ ನೋಡಿಕೊಳ್ಳುತ್ತಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಗಾಡಿ. ಕಪ್ಪು ಬಣ್ಣ, ಆಮೆಯ ಬೆನ್ನಿನಂಥ ಮೈ, ನಾಲ್ಕು ಬಾಗಿಲು. ಒಳಗೆ ಕೂತರೆ ಹಳೆಯ ತೊಗಲಿನ ವಾಸನೆ, ಅದರ ಜೊತೆಗೆ ಯಾವುದೋ ನಾಯಿಯ ವಾಸನೆ. ದೊರೆ ನಾಯಿ ಸಾಕಿದ್ದನಂತೆ. ಎಷ್ಟು ಸಾಂಬ್ರಾಣಿ ಹಾಕಿದರೂ ಆ ನಾಯಿ ಮಾತ್ರ ಇಳಿದು ಹೋಗಲಿಲ್ಲ.

ಆ ಕಾರಿನ ಪೆಟ್ರೋಲ್ ಟ್ಯಾಂಕು ಹಿಂದೆ, ಡಿಕ್ಕಿಯ ಅಡಿಯಲ್ಲಿ. ಎಂಜಿನ್ನು ಮುಂದೆ. ಹಿಂದಿನ ಪೆಟ್ರೋಲನ್ನು ಮುಂದಕ್ಕೆ ಹೀರಿಕೊಳ್ಳಲು ಬಾನೆಟ್ಟಿನೊಳಗೆ ಸಣ್ಣ ಚೊಂಬಿನ ಗಾತ್ರದ ಒಂದು ಕರೆಂಟಿನ ಪಂಪು. ಬೀಗದ ಕೈ ತಿರುಗಿಸಿದರೆ ಸಾಕು, ಎಂಜಿನ್ನು ಏಳುವ ಮೊದಲೇ ಅದು ಟಿಕ್ ಟಿಕ್ ಟಿಕ್ ಎಂದು ಶುರುಮಾಡುತ್ತಿತ್ತು. ಮುಂದಿನ ಕಾರ್ಬುರೇಟರು ತುಂಬುತ್ತ ಬಂದಂತೆ ನಿಧಾನವಾಗಿ, ಕೊನೆಗೆ ತಾನೇ ನಿಲ್ಲುತ್ತಿತ್ತು. ಅಂಗಳದಲ್ಲಿ ಹುಣಿಸೆಹಣ್ಣು ಬಿಡಿಸುತ್ತ ಕೂತಿರುತ್ತಿದ್ದ ನಮ್ಮತ್ತೆ ಅದನ್ನು ಕೇಳಿಸಿಕೊಂಡು, "ಕುಡ್ದು ಮುಗೀತು, ಇನ್ನು ಒರಡ್ಸು" ಎಂದು ಮಗನಿಗೆ ಅಪ್ಪಣೆ ಕೊಡುತ್ತಿದ್ದರು. ಕರುವಿಗೆ ಹಾಲು ಕುಡಿಸಿ ಕಟ್ಟುವವರ ಹಾಗೆ.

ನಮ್ಮ ಮನೆಗಳಲ್ಲಿ ಕನ್ನಡ, ಬಾಗಿಲಾಚೆಗೆ ತಮಿಳು. ಎರಡರ ನಡುವೆ ಹೊಸಿಲು ಇದ್ದರೂ ಅದು ಅಷ್ಟೇನೂ ಎತ್ತರವಿರಲಿಲ್ಲ. ನಮ್ಮವರನ್ನು, ಎಂದರೆ ನನ್ನ ಗಂಡನನ್ನು, ನನ್ನ ಅಣ್ಣ "ಮಾಪ್ಳೆ" ಎಂದು ಕರೆಯುತ್ತಿದ್ದ. ನಮ್ಮವರು ಅಣ್ಣನನ್ನು "ಮಚ್ಚಾನ್" ಎನ್ನುತ್ತಿದ್ದರು. ತಂಗಿಯ ಗಂಡನಿಗೂ ಹೆಂಡತಿಯ ಅಣ್ಣನಿಗೂ ನಮ್ಮಲ್ಲಿ ತಮಿಳಿನಿಂದ ಬಂದ ಹೆಸರುಗಳು ಅವು. ಆದರೆ ನಾನು ಹೇಳುತ್ತಿರುವ ಕಾಲದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಏನೆಂದೂ ಕರೆಯುತ್ತಿರಲಿಲ್ಲ. ಮಾತು ಬಿಟ್ಟು ವರ್ಷ ಮೀರಿತ್ತು.

ಮಾತು ಬಿಟ್ಟದ್ದು ಒಂದು ದೀಪದ ವಿಷಯಕ್ಕೆ. ಚಿನ್ನಮನೂರಿನ ಹತ್ತಿರ ಅಣ್ಣ ಹೊಸ ಮನೆ ಕಟ್ಟಿಸಿ ಒಕ್ಕಲಾದ ದಿನ, ಚಪ್ಪರಕ್ಕೆ ದೀಪ ಹಾಕುವ ಕೆಲಸವನ್ನು ನಮ್ಮವರು ತಾವೇ ಮೇಲೆ ಬಿದ್ದು ವಹಿಸಿಕೊಂಡರು. ಅವರು ಬಾಳೆ ಬೆಳೆಯುವ ರೈತ, ನಿಜ. ಆದರೆ ಅವರ ಮನಸ್ಸೆಲ್ಲ ತಂತಿಯಲ್ಲಿ. ಊರಲ್ಲಿ ಯಾರ ರೇಡಿಯೋ ಕೆಮ್ಮಿದರೂ ನಮ್ಮ ಜಗುಲಿಗೆ ಬರುತ್ತಿತ್ತು. ಸಂಜೆ ಮೊದಲ ಪಂಕ್ತಿ ಕೂತು, ಎಲೆಗೆ ರಸ ಬೀಳುವ ಹೊತ್ತಿಗೆ ಸರಿಯಾಗಿ ಎಲ್ಲ ದೀಪಗಳೂ ಒಟ್ಟಿಗೆ ಆರಿದವು. ಕತ್ತಲಲ್ಲಿ ಅಣ್ಣನ ದನಿ ಎದ್ದಿತು: "ನಮ್ ಮಾಪ್ಳೆ ಕರೆಂಟು ಎಳ್ದ್ರೆ ಇಂಗೇ ಕಣ್ರಪ್ಪ. ಬಾಯಿ ಎಲ್ಲೈತೆ ಅಂತ ಅವ್ರವ್ರೇ ತಡವ್ಕೊಂಡು ಉಣ್ಣಿ!"

ಇಡೀ ಪಂಕ್ತಿ ನಕ್ಕಿತು. ಆ ಹೊತ್ತಿನಲ್ಲಿ ಬೀದಿಗೆ ಬೀದಿಯೇ ಕತ್ತಲಾಗಿತ್ತು, ತಪ್ಪು ನಮ್ಮವರದ್ದಲ್ಲ. ಆದರೆ ಅದನ್ನು ನೋಡಲು ಯಾರಾದರೂ ನಗು ನಿಲ್ಲಿಸಿ ಬೀದಿಗೆ ಬರಬೇಕಿತ್ತಲ್ಲ! ನಮ್ಮವರು ಊಟ ಮಾಡದೆ ನನ್ನನ್ನೂ ಹೊರಡಿಸಿಕೊಂಡು ಬಂದರು. ಅಣ್ಣನಿಗೆ, ತಮಾಷೆಗೆ ಅಂದ ಮಾತಿಗೆ ಎಲೆ ಮುಂದಿನಿಂದ ಎದ್ದು ಹೋದನಲ್ಲ ಎಂಬ ಸಿಟ್ಟು. ಅಲ್ಲಿಂದ ಮುಂದೆ ಎರಡು ಮನೆಗಳ ನಡುವೆ ಓಡಾಡುವ ಟಪಾಲು ನಾನೇ. "ನಿನ್ನಣ್ಣನ್ಗೆ ಯೇಳು" ಎಂದು ಒಬ್ಬರು, "ನಿನ್ ಗಂಡನ್ಗೆ ಯೇಳು" ಎಂದು ಇನ್ನೊಬ್ಬರು. ಎದುರುಬದುರು ಕೂತಿದ್ದರೂ ಅಷ್ಟೆ.

ಹೀಗಿರುವಾಗ ಅವ್ವನ ಕಣ್ಣಿಗೆ ಪೊರೆ ಬಂತು. ಅಣ್ಣ ಅವಳನ್ನು ದಿಂಡಿಗಲ್ಲಿಗೆ ಕರೆದುಕೊಂಡು ಹೋಗಿ, ಕಣ್ಣಿನ ಆಪರೇಷನ್ ಮಾಡಿಸಿ, ಜೊತೆಯಲ್ಲೇ ಉಳಿದುಕೊಂಡ. ಅವ್ವ ಎದ್ದು ಕೂರುವಂತಾದ ಮೇಲೆ ಡಾಕ್ಟರು ಮನೆಗೆ ಹೋಗಬಹುದು ಎಂದರು. ಆದರೆ ತಲೆ ಬಗ್ಗಿಸಬಾರದು, ಕೆಮ್ಮಬಾರದು, ಮುಖ್ಯವಾಗಿ ವಾಂತಿ ಆಗಲೇಬಾರದು, ಕಣ್ಣಿನ ಮೇಲೆ ಒತ್ತಡ ಬೀಳುತ್ತದೆ. ಅವ್ವನಿಗೋ ಬಸ್ಸಿನ ಡೀಸೆಲ್ ವಾಸನೆ ಬಡಿದರೆ ಮುಂದಿನ ನಿಲ್ದಾಣಕ್ಕೆ ಮೊದಲೇ ವಾಂತಿ. ಅಣ್ಣ ಊರಿನ ಕಡೆ ಬರುತ್ತಿದ್ದ ಒಬ್ಬರ ಕೈಲಿ ನನಗೆ ಹೇಳಿ ಕಳಿಸಿದ: "ಅವ್ವನ್ನ ಕರ್ಕೊಂಡು ಬರೋಕೆ ನಿನ್ ಮನೆ ವಂಡಿ ಬಂದ್ರೆ ಚೆಂದ." ನಿನ್ನ ಮನೆ ಗಾಡಿಯಂತೆ! ಗಾಡಿ ತಾನೇ ಹೊರಟು ತಾನೇ ಬರುವ ಹಾಗೆ.

"ನಾಳೇನೇ ಓಗೋಣ," ಎಂದರು ನಮ್ಮವರು. ನನ್ನ ಅವ್ವನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ.

ಆದರೆ ಅದೇ ವಾರ ಪಂಪು ತನ್ನ ವರಸೆ ಬದಲಿಸಿತ್ತು. ಬೀಗದ ಕೈ ತಿರುಗಿಸಿದರೆ ಟಿಕ್ ಟಿಕ್ ಶುರುವಾಗುತ್ತಿತ್ತು, ನಿಧಾನವಾಗುತ್ತಲೇ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ನಮ್ಮತ್ತೆ ಹುಣಿಸೆಹಣ್ಣಿನಿಂದ ಕೈ ತೆಗೆದು, "ಏನೋ ಇದು, ಇನ್ನೂ ಕುಡೀತಾನೇ ಐತೆ? ಒಟ್ಟೆ ಒಡ್ದೋಗ್ತದೆ!" ಎಂದರು. ನಮ್ಮವರು ಪಂಪಿನ ಮುಚ್ಚಳ ಬಿಚ್ಚಿ, ಒಳಗೆ ಕರೆಂಟು ಸೇರಿಸುವ ಎರಡು ಪುಟ್ಟ ಕಾಂಟ್ಯಾಕ್ಟುಗಳನ್ನು ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿದರು. ಉಜ್ಜಿದ ಮೇಲೆ ಪೆಟ್ರೋಲನ್ನೂ ತುಂಬಿಸಿದರು. ಪಂಪು ನಿಂತಿತು. "ಕಾಂಟ್ಯಾಕ್ಟೇ," ಎಂದು ಅವರು ಕೈ ಒರೆಸಿಕೊಂಡರು. ರೋಗ ಪತ್ತೆಯಾಗಿ ಔಷಧಿಯೂ ಆಯಿತೆಂಬ ಗೆಲುವು ಮುಖದಲ್ಲಿ.

ಮರುದಿನ ಬೆಳಗ್ಗೆ ನಾವಿಬ್ಬರೇ ಹೊರಟೆವು. ಉತ್ತಮಪಾಳಯಂ, ಚಿನ್ನಮನೂರು, ತೇನಿ, ಪೆರಿಯಕುಳಂ ದಾಟಿ ಬಿಸಿಲೇರುವಷ್ಟರಲ್ಲಿ ದಿಂಡಿಗಲ್ಲು. ಗಾಡಿ ಬೆಣ್ಣೆಯ ಹಾಗೆ ಓಡಿತು. ಆಸ್ಪತ್ರೆಯ ಜಗುಲಿಯಲ್ಲಿ ಅವ್ವ ಒಂದು ಕಣ್ಣಿಗೆ ಬಟ್ಟೆ, ಎರಡಕ್ಕೂ ಸೇರಿ ಹಸಿರು ಮರೆ ಕಟ್ಟಿಕೊಂಡು ರಾಣಿಯಂತೆ ಕೂತಿದ್ದಳು. ಪಕ್ಕದಲ್ಲಿ ಅಣ್ಣ, ಕೈಯಲ್ಲಿ ಗಂಟುಮೂಟೆ. ನಮ್ಮವರು ಅವ್ವನ ಕಡೆ ನೋಡಿ ನನಗೆ ಹೇಳಿದರು: "ಎಂಗವ್ರೆ ಅಂತ ಕೇಳು." ಅವ್ವ ನನಗೆ ಹೇಳಿದಳು: "ಚೆನ್ನಾಗಿವ್ನಿ ಅಂತ ಯೇಳು." ಅಳಿಯನೊಂದಿಗೆ ಅತ್ತೆ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅದು ಜಗಳವಲ್ಲ, ಮರ್ಯಾದೆ. ಒಟ್ಟಿನಲ್ಲಿ ಆ ದಿನ ಕಾರಿನಲ್ಲಿ ನಾಲ್ವರಿದ್ದೆವು, ಎಲ್ಲರ ಜೊತೆಗೂ ಮಾತಾಡಬಲ್ಲವಳು ನಾನೊಬ್ಬಳೇ.

ತಲೆ ಬಗ್ಗಿಸದೆ ಅವ್ವನನ್ನು ಆ ಕುಳ್ಳು ಕಾರಿನೊಳಗೆ ಕೂರಿಸಿದ್ದೇ ಒಂದು ಸಾಹಸ. ಮೊದಲು ಹಿಂದಕ್ಕೆ ತಿರುಗಿಸಿ ಕುಂಡೆ ಊರಿಸಿ, ಆಮೇಲೆ ಮೈಯನ್ನು ಹಲಗೆಯಂತೆ ಒರಗಿಸಿ, ಕೊನೆಗೆ ಕಾಲುಗಳನ್ನು ಒಳಗಿಟ್ಟೆವು. ನಾನು ಆಚೆ ಬಾಗಿಲಿನಿಂದ ಹತ್ತಿ ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಹಿಂದಿನ ಸೀಟು ಅಲ್ಲಿಗೆ ತುಂಬಿತು. ಅಣ್ಣ ಒಂದು ಗಳಿಗೆ ನಿಂತು ನೋಡಿದ. ಬೇರೆ ಜಾಗವಿರಲಿಲ್ಲ. ಮುಂದಿನ ಬಾಗಿಲು ತೆಗೆದು ನಮ್ಮವರ ಪಕ್ಕದಲ್ಲಿ ಕೂತ. ಕೂತವನೇ ಕಿಟಕಿಯಾಚೆ ಮುಖ ಹಾಕಿದ. ನಮ್ಮವರು ತಮ್ಮ ಕಿಟಕಿಯಾಚೆ ಮುಖ ಹಾಕಿದರು.

"ಮುಂದೆ ನೋಡ್ಕೊಂಡು ಓಡ್ಸಿ," ಎಂದೆ ನಾನು.

ಬತ್ತಲಗುಂಡಿನಲ್ಲಿ ಅಣ್ಣ ಇಳಿದು ವೀಳ್ಯದೆಲೆ ತಂದ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ನಿನ ಸದ್ದಿನ ಕೆಳಗಿನಿಂದ ನನಗೆ ಟಿಕ್ ಟಿಕ್ ಕೇಳಿಸತೊಡಗಿತು. ಎಷ್ಟು ಬಿರುಸಾಗಿ ಎಂದರೆ ಮಳೆಗಾಲದ ಕಪ್ಪೆಯ ಹಾಗೆ ಬಿಡುವೇ ಇಲ್ಲದೆ. ಗಾಡಿ ಒಮ್ಮೆ ಜಗ್ಗಿತು, ಚೇತರಿಸಿಕೊಂಡು ಓಡಿತು, ಮತ್ತೆ ಜಗ್ಗಿತು.

"ಪಂಪು ನಿಲ್ತಾ ಇಲ್ಲ," ಎಂದೆ.

"ಗೊತ್ತು," ಎಂದರು ನಮ್ಮವರು.

"ವಂಡಿ ಕುಡ್ದವನ್ ಅಂಗೆ ಓಯ್ತಾ ಐತೆ, ಯಾಕೆ ಅಂತ ಕೇಳು," ಎಂದಳು ಅವ್ವ, ತೊಡೆಯ ಮೇಲಿಂದ.

ಕೇಳುವ ಅಗತ್ಯ ಬರಲಿಲ್ಲ. ದೇವದಾನಪಟ್ಟಿಗೆ ಇನ್ನೂ ಮೊದಲೇ, ರಸ್ತೆಯ ಎರಡೂ ಬದಿ ಹುಣಿಸೆಮರಗಳಿರುವ ಕಡೆ, ಎಂಜಿನ್ನು ಎರಡು ಸಲ ಕೆಮ್ಮಿ ಆರಿತು. ನಮ್ಮವರು ಗಾಡಿಯನ್ನು ನೆರಳಿಗೆ ಹೊರಳಿಸಿದರು. ಬಲಕ್ಕೆ ಕೊಡೈಕಾನಲ್ಲಿನ ಬೆಟ್ಟಸಾಲು ನೀಲಿಯಾಗಿ, ತಣ್ಣಗೆ, ನಮ್ಮ ಕಷ್ಟ ತನಗೇನೂ ಸಂಬಂಧವಿಲ್ಲ ಎನ್ನುವಂತೆ ನಿಂತಿತ್ತು. ಎಂಜಿನ್ನು ಆರಿದರೂ ಪಂಪು ಮಾತ್ರ ಓಡುತ್ತಲೇ ಇತ್ತು. ಟಿಕ್ ಟಿಕ್ ಟಿಕ್ ಟಿಕ್.

ಬಾನೆಟ್ಟು ತೆರೆಯಿತು. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಾನು ಅವ್ವನ ತಲೆಯಡಿಗೆ ಗಂಟು ಕೊಟ್ಟು ಇಳಿದು ಮುಂದೆ ಹೋಗಿ ನಡುವೆ ನಿಂತೆ. ನಿಲ್ಲದಿದ್ದರೆ ಅವರ ಕೆಲಸ ಸಾಗುವಂತಿರಲಿಲ್ಲ.

ನಮ್ಮವರು ಪಂಪಿನ ಮುಚ್ಚಳಕ್ಕೆ ಕೈಹಾಕಿದರು. "ಕಾಂಟ್ಯಾಕ್ಟು ಮತ್ತೆ ಕರೀಗಾಗಿರ್ಬೇಕು."

ಅಣ್ಣ ಬೆಟ್ಟವನ್ನು ನೋಡುತ್ತ ಹೇಳಿದ: "ಕಾಂಟ್ಯಾಕ್ಟು ಕೆಟ್ರೆ ಪಂಪು ನಿಂತೋಗ್ಬೇಕಲ್ವಾ? ಇದು ನಿಲ್ಲೋದೇ ಇಲ್ವಲ್ಲ. ನಿನ್ ಗಂಡನ್ಗೆ ಯೇಳು."

ಹೇಳಬೇಕಾಗಲಿಲ್ಲ, ಕೇಳಿಸಿತ್ತು. ನಮ್ಮವರ ಕೈ ಮುಚ್ಚಳದ ಮೇಲೆ ಹಾಗೇ ನಿಂತಿತು. ಮಾತು ಸರಿಯಾಗಿತ್ತು, ಅದೇ ಕಷ್ಟ. ಮುಚ್ಚಳ ಬಿಟ್ಟು ನನ್ನನ್ನು ಕೇಳಿದರು: "ಮತ್ತೆ ಏನಂತೆ, ನಿನ್ನಣ್ಣನ್ ಪ್ರಕಾರ?"

"ಪಂಪು ತಳ್ಳಿದ್ದೆಲ್ಲ ಎಲ್ಲೋ ಉಕ್ಕಿ ಓಯ್ತಾ ಐತೆ," ಎಂದ ಅಣ್ಣ. "ಆ ಕಾರ್ಬುರೇಟ್ರು ತುಂಬಿ ಚೆಲ್ತಾ ಇರ್ಬೇಕು. ಅಲ್ಲಿ ನೋಡೋಕ್ಕೇಳು."

ನಮ್ಮವರು ಕಾರ್ಬುರೇಟರಿನ ಸುತ್ತ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಮೂಸು. ಪೆಟ್ರೋಲ್ ವಾಸ್ನೆ ಐತಾ? ಒಣಗೈತೆ. ಉಕ್ಕೋದಿರ್ಲಿ, ಅಲ್ಲಿ ಒಂದು ತೊಟ್ಟೂ ಬತ್ತಿಲ್ಲ. ನಿನ್ನಣ್ಣನ್ಗೂ ತೋರ್ಸು."

ನಾನು ಅಣ್ಣನಿಗೆ ಗಂಡನ ಬೆರಳನ್ನು ತೋರಿಸಿದೆ. ಅವನೂ ಮೂಸಿದ. ಅವನದೂ ತಪ್ಪಾಯಿತು. ಇಬ್ಬರಿಗೂ ಒಂದೊಂದು ತಪ್ಪು ಹಂಚಿಕೆಯಾದ ಮೇಲೆ ವಾತಾವರಣ ಕೊಂಚ ತಿಳಿಯಾಯಿತು ಎಂದು ನನಗನ್ನಿಸಿತು.

ಅಣ್ಣ ನೀರಿನ ಮನುಷ್ಯ. ತನ್ನ ಬಾವಿಗೆ ಆಯಿಲ್ ಎಂಜಿನ್ನು ಕೂರಿಸಿ ಪಂಪು ಹಾಕಿದ್ದ. ಅದು ನೀರೆತ್ತದ ದಿನ ಬಾವಿಯೊಳಗೆ ಇಳಿದು ಪೈಪಿನ ಜೊತೆ ಗುದ್ದಾಡಿ ಅಭ್ಯಾಸ. ಅವನು ಕಾರ್ಬುರೇಟರಿಗೆ ಹೋಗುವ ಸಣ್ಣ ಕೊಳವೆಯನ್ನೇ ನೋಡುತ್ತ, "ಇದನ್ನ ಬಿಚ್ಚಿ ಬಾಟ್ಲಿಗೆ ಬುಡೋಕ್ಕೇಳು. ಏನ್ ಬರ್ತೈತೆ ಕಣ್ಣಾರೆ ನೋಡೋಣ," ಎಂದ.

ಬಾಟಲಿ ನನ್ನ ಹತ್ತಿರವಿತ್ತು, ಅವ್ವನಿಗೆ ಬಾರ್ಲಿ ನೀರು ತುಂಬಿಸಿದ್ದು. ಅವ್ವನಿಗೆ ಉಳಿದ ನೀರು ಕುಡಿಸಿ, ಸೆರಗಿನಲ್ಲಿ ಬಾಟಲಿಯ ಒಳಗನ್ನು ಒರೆಸಿ ಒಣಗಿಸಿ ತಂದೆ. ನಮ್ಮವರು ಕೊಳವೆ ಬಿಚ್ಚಿ ಅದರ ತುದಿಯನ್ನು ಬಾಟಲಿಯೊಳಗೆ ಇಳಿಬಿಟ್ಟರು. ಆಗಲೇ ಒಂದು ಎತ್ತಿನಗಾಡಿ ಪಕ್ಕದಲ್ಲಿ ನಿಂತು, ಗಾಡಿಯವ ಬೀಡಿ ಕಚ್ಚಿಕೊಂಡೇ ಇಳಿದು ಬಂದು, "ಎನ್ನಮ್ಮಾ, ವಂಡಿ ನಿನ್ನುಪೋಚ್ಚಾ?" ಎಂದು ಬಾನೆಟ್ಟಿನೊಳಗೆ ಇಣುಕಿದ. ಗಾಡಿ ನಿಂತುಹೋಯಿತಾ ಎಂದು ಪಾಪ ವಿಚಾರಿಸಿದ್ದು ಅಷ್ಟೆ. "ಬೀಡಿ! ಬೀಡಿ!" ಎಂದು ನಾನು ಕೂಗಿದ ರಭಸಕ್ಕೆ ಅವನು ಬೀಡಿಯನ್ನಲ್ಲ, ಬಾರುಕೋಲನ್ನು ಎಸೆದ. ಆಮೇಲೆ ಬೀಡಿಯನ್ನೂ ದೂರ ಹೋಗಿ ತುಳಿದು ಆರಿಸಿ ಬಂದು, ಕೊನೆಯವರೆಗೂ ನಮ್ಮ ಜೊತೆ ಕೂತಿದ್ದ. ಅವನ ಎತ್ತುಗಳೂ ನೋಡುತ್ತಿದ್ದವು.

ನಮ್ಮವರು ಬೀಗದ ಕೈ ತಿರುಗಿಸಿದರು. ಟಿಕ್ ಟಿಕ್ ಟಿಕ್. ಬಾಟಲಿಯೊಳಗೆ ಸ್ವಲ್ಪ ಪೆಟ್ರೋಲು ಬಂತು, ಅದರ ಹಿಂದೆ ಬುಳುಬುಳು ಗುಳ್ಳೆ, ಮತ್ತೆ ಗುಳ್ಳೆ, ಒಂದು ತೊಟ್ಟು ಪೆಟ್ರೋಲು, ಮತ್ತೆ ಬರೀ ಗುಳ್ಳೆ.

"ಗಾಳಿ!" ಎಂದ ಅಣ್ಣ. "ಗಾಳಿ ಈರ್ಕೊಳ್ತಾ ಐತೆ. ನಮ್ ಬಾವಿ ಪಂಪೂ ಇಂಗೇ ಮಾಡ್ತದೆ. ಈರೋ ಪೈಪಲ್ಲಿ ಎಲ್ಲೋ ಸಂದು ಬಿಟ್ಟಿದ್ರೆ ನೀರು ಬರೋಲ್ಲ, ಬರೀ ಗಾಳಿ. ಎಂಜಿನ್ನು ಮಾತ್ರ ಓಡ್ತಾನೇ ಇರ್ತದೆ. ನಿನ್ ಗಂಡನ್ಗೆ ಯೇಳು."

ನಮ್ಮವರು ಬಾಟಲಿಯನ್ನೇ ದಿಟ್ಟಿಸುತ್ತಿದ್ದರು. "ಪೈಪೇ ಅಂತ ಎಂಗೆ ಯೇಳೋದು? ಪಂಪಿನ ಒಳಗಡೇನೇ ಪೆಟ್ರೋಲ್ ಈರೋ ಪರದೆ ಹರ್ದಿದ್ರೆ? ಮೊದ್ಲು ಅದನ್ನ ನೋಡ್ಬೇಕು ಅಂತ ನಿನ್ನಣ್ಣನ್ಗೆ ಯೇಳು."

ಅದಕ್ಕೆ ಅವರು ಮಾಡಿದ ಉಪಾಯ ಇಂದಿಗೂ ನನಗೆ ಮೆಚ್ಚುಗೆ. ಡಿಕ್ಕಿಯಲ್ಲಿ ಒಂದು ಡಬ್ಬಿ ಪೆಟ್ರೋಲು ಯಾವಾಗಲೂ ಇರುತ್ತಿತ್ತು, ಅದನ್ನು ಸುರಿಯಲು ಒಂದು ಮೊಳ ರಬ್ಬರ್ ನಳಿಕೆಯೂ. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಕಳಚಿ, ಆ ಜಾಗಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನಾನು ಹಿಡಿದ ಡಬ್ಬಿಯೊಳಗೆ ಬಿಟ್ಟರು. ಈಗ ಪಂಪು ಹೀರುವುದು ಡಬ್ಬಿಯಿಂದ, ಉಗುಳುವುದು ಬಾಟಲಿಗೆ. ಬೀಗದ ಕೈ ತಿರುಗಿಸಿದರು. ಬಾಟಲಿಗೆ ಪೆಟ್ರೋಲು ಗುಳ್ಳೆಯಿಲ್ಲದೆ ಧಾರೆಯಾಗಿ ಬಂತು. ಅವರು ಕೊಳವೆಯ ಬಾಯನ್ನು ಹೆಬ್ಬೆರಳಿಂದ ಒತ್ತಿ ಮುಚ್ಚಿದರು. ಟಿಕ್... ಟಿಕ್... ಪಂಪು ನಿಂತಿತು. ಬೆರಳು ಬಿಟ್ಟರೆ ಓಟ, ಒತ್ತಿದರೆ ಮೌನ.

"ಪಂಪು ಚೊಕ್ಕವಾಗೈತೆ," ಎಂದರು ನಮ್ಮವರು ನನಗೆ. ದನಿಯಲ್ಲಿ ಸಂತೋಷ ಅಡಗುತ್ತಿರಲಿಲ್ಲ. "ಗಾಳಿ ಒಳಗೆ ಬರ್ತಿರೋದು ಟ್ಯಾಂಕಿಗೂ ಪಂಪಿಗೂ ನಡುವೆ."

"ಅದನ್ನೇ ಅಲ್ವಾ ನಾನು ಆಗ್ಲಿಂದ ಯೇಳ್ತಿರೋದು?" ಎಂದ ಅಣ್ಣ, ಅವನೂ ನನಗೇ.

ನಾನು ಕೇಳಿದೆ: "ಸಂದು ಬಿಟ್ಟಿದ್ರೆ ಪೆಟ್ರೋಲು ಸೋರ್ಬೇಕಲ್ಲ? ಕೆಳಗೆಲ್ಲೂ ಒದ್ದೆ ಇಲ್ವಲ್ಲ?"

ಇಬ್ಬರೂ ಒಟ್ಟಿಗೆ ನನಗೆ ಪಾಠ ಹೇಳಲು ಬಾಯಿ ತೆರೆದು, ಒಟ್ಟಿಗೆ ಮುಚ್ಚಿದರು. ಕೊನೆಗೆ ಅಣ್ಣ ಹೇಳಿದ, ಅದು ಹೀರುವ ಪೈಪು, ಅದರಲ್ಲಿ ಒಳಕ್ಕೆ ಎಳೆತವೇ ಹೊರತು ಹೊರಕ್ಕೆ ತಳ್ಳುವುದಿಲ್ಲ, ಆದ್ದರಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಒಳಗಿನದು ಆಚೆ ಬರುವುದಿಲ್ಲ. ಸೋರದ ತೂತನ್ನು ಕಣ್ಣಲ್ಲಿ ಹುಡುಕುವುದು ಕಷ್ಟ. "ಬಾವೀಲಿ ಆದ್ರೆ ಜೇಡಿಮಣ್ಣು ಮೆತ್ತಿ ಮೆತ್ತಿ ನೋಡ್ತೀನಿ. ತೂತು ಮುಚ್ಚಿದ್ ತಕ್ಷಣ ಪಂಪು ನೀರು ಇಡೀತದೆ. ಇಲ್ಲಿ ಮಣ್ಣು ನಿಲ್ಲೋಲ್ಲ."

"ಸೋಪು?" ಎಂದೆ. ಲಾರಿ ಡ್ರೈವರುಗಳು ಸೋರುವ ಟ್ಯಾಂಕಿಗೆ ಬಟ್ಟೆ ಸೋಪು ಮೆತ್ತುವುದನ್ನು ತೇನಿಯ ಸಂತೆ ಬೀದಿಯಲ್ಲಿ ನೋಡಿದ್ದೆ. ಆಸ್ಪತ್ರೆಯ ಗಂಟಿನಲ್ಲಿ ಅವ್ವನ ಸೀರೆ ಒಗೆಯುತ್ತಿದ್ದ ಸೋಪಿನ ಅರ್ಧ ತುಂಡಿತ್ತು. ಅಣ್ಣ ಅದನ್ನು ತೆಗೆದುಕೊಂಡು, ಬಾಯಲ್ಲಿದ್ದ ವೀಳ್ಯವನ್ನು ಉಗಿದು, ಅಂಗಿ ಬಿಚ್ಚಿ ಮರದ ಕೊಂಬೆಗೆ ಹಾಕಿ, ಬನಿಯನ್ನಿನಲ್ಲೇ ಮಣ್ಣಿಗೆ ಬೆನ್ನು ಕೊಟ್ಟು ಗಾಡಿಯ ಹಿಂಭಾಗದಡಿ ನುಸುಳಿದ. ನಮ್ಮವರು ಪೈಪು, ಕೊಳವೆಗಳನ್ನೆಲ್ಲ ಮೊದಲಿದ್ದಂತೆ ಜೋಡಿಸಿ ಬೀಗದ ಕೈ ತಿರುಗಿಸಿ, ಪಂಪಿನ ಹತ್ತಿರ ಕಿವಿಯಿಟ್ಟು ನಿಂತರು. ಹಿಂದಿನಿಂದ ಅಣ್ಣ ಪೈಪಿನುದ್ದಕ್ಕೂ ಗೇಣು ಗೇಣಾಗಿ ಸೋಪು ಮೆತ್ತುತ್ತ ಬರಬೇಕು, ಪಂಪಿನ ಸದ್ದು ನಿಧಾನವಾಯಿತೇ ಎಂದು ಮುಂದಿನಿಂದ ಇವರು ಹೇಳಬೇಕು. ನಡುವೆ ನಾನು.

"ಟ್ಯಾಂಕ್ ಹತ್ರ ಮೆತ್ತೀನಿ. ನಿಧಾನ ಆತಾ ಕೇಳು," ಎಂದು ಕೆಳಗಿನಿಂದ.

"ಇಲ್ಲ ಅಂತ ಯೇಳು," ಎಂದು ಮೇಲಿನಿಂದ.

ಅಷ್ಟರಲ್ಲಿ ನೆರಳು ಸರಿದು ಅವ್ವನ ಮುಖಕ್ಕೆ ಬಿಸಿಲು ಹೊಡೆಯಿತು. "ಕೂಸೇ, ನನ್ನನ್ನೇನು ವಡೆ ತರ ಉರೀತಿದ್ದೀರಾ?" ಎಂದು ಅವಳ ಕೂಗು. ಬಿಸಿಲು ಕಣ್ಣಿಗೆ ಬೀಳಬಾರದು. ನಾನು ಓಡಿಹೋಗಿ, ಹತ್ತಿಸಿದ ಕ್ರಮವನ್ನೇ ತಿರುವುಮುರುವಾಗಿ ಮಾಡಿ ಅವಳನ್ನು ಇಳಿಸಿ, ಮರದ ಆಚೆ ಬದಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಗಾಡಿಯವ ತನ್ನ ಗಾಡಿಯ ಗೋಣಿತಾಟು ತಂದು ಹಾಸಿದ. ಆ ದಪ್ಪ ಮರದ ಹಿಂದಿನಿಂದ ನನಗೆ ಕಾರು ಕಾಣುತ್ತಿರಲಿಲ್ಲ, ದನಿಗಳು ಮಾತ್ರ ಕೇಳುತ್ತಿದ್ದವು.

ಮೊದಲು ಕಾಗೆಗಳ ಸದ್ದು. ಒಂದು ಲಾರಿ ಹೋಯಿತು. ಆಮೇಲೆ ಅಣ್ಣನ ದನಿ: "ಏ ಕೂಸೇ! ಈಗ ಕೇಳು!" ನಾನು ಉತ್ತರ ಕೊಡಲು ಎದ್ದೆ. ಅವ್ವ ನನ್ನ ಕೈ ಹಿಡಿದು ಜಗ್ಗಿದಳು. ಹಸಿರು ಮರೆಯ ಕೆಳಗೆ ಅವಳ ಬಾಯಿ ಮಾತ್ರ ಕಾಣುತ್ತಿತ್ತು, ಅದು ನಗುತ್ತಿತ್ತು. "ಸುಮ್ಕೆ ಕೂತ್ಕೋ," ಎಂದಳು.

"ಕೂಸೇ!" ಮತ್ತೆ ಅಣ್ಣ. ಪಂಪಿನ ಟಿಕ್ ಟಿಕ್. ಹೀರುವ ಪೈಪಿಗೆ ಸೋಪು ಒತ್ತಿ ಹಿಡಿದುಕೊಂಡು ಒಬ್ಬ ಮನುಷ್ಯ ಎಷ್ಟು ಹೊತ್ತು ಬೆನ್ನ ಮೇಲೆ ಮಲಗಿರಬಲ್ಲ? ಕೊನೆಗೆ ಕಾರಿನಡಿಯಿಂದ ಒಂದು ಗರ್ಜನೆ ಬಂತು.

"ಯೋವ್ ಮಾಪ್ಳೆ! ಕಿವಿ ಕೇಳ್ಸಾಕಿಲ್ವಾ? ಈಗ ಎಂಗೈತೆ?"

ಅವ್ವ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಓಡ್ತಾ ಐತೆ ಮಚ್ಚಾನ್," ಎಂದರು ನಮ್ಮವರು. "ಕೊಂಚ ಮುಂದಕ್ಕೆ ಬನ್ನಿ."

"ಈಗ?"

"ಊಹೂಂ."

"ಈಗ?"

"ಇಲ್ಲ. ಆ ಆಕ್ಸಲ್ ಮೇಲೆ ಬಳುಕ್ತದಲ್ಲ ಪೈಪು, ಅಲ್ಲಿ ನೋಡಿ."

"ಅಲ್ಲೇ ಇವ್ನಿ ಕಣಪ್ಪ. ಇಲ್ಲಿ ಪೈಪು ಇಡ್ಕೊಳ್ಳೋ ಕ್ಲಿಪ್ಪೇ ಇಲ್ಲ, ಉದ್ರೋಗೈತೆ. ಪೈಪು ತಗ್ಡಿಗೆ ಉಜ್ಜಿ ಉಜ್ಜಿ... ಇರು, ಇಲ್ಲೊಂದು ಗೀರೈತೆ. ಉಗುರು ಸಿಕ್ಕಾಕ್ಕೊಳ್ತದೆ. ಸೋಪು ಒತ್ತೀನಿ. ಈಗ?"

ಟಿಕ್ ಟಿಕ್ ಟಿಕ್. ಟಿಕ್. ಟಿಕ್... ಆಮೇಲೆ ಕಾಗೆಗಳ ಸದ್ದು ಮಾತ್ರ.

"ನಿಂತೋಯ್ತು ಮಚ್ಚಾನ್! ಬುಡಬೇಡಿ, ಅಂಗೇ ಒತ್ತಿಡ್ಕೊಳ್ಳಿ!" ಎಂದು ನಮ್ಮವರು ಕುಣಿದಂತೆ ಕೇಳಿಸಿತು. ನಾನು ಮರದ ಮರೆಯಿಂದ ಇಣುಕಿದೆ. ಅವರು ಸಹ ನೆಲದ ಮೇಲೆ ಬೋರಲು ಬಿದ್ದು ಗಾಡಿಯಡಿ ತಲೆ ತೂರಿಸುತ್ತಿದ್ದರು. ಕಾಣುತ್ತಿದ್ದದ್ದು ಎರಡು ಜೊತೆ ಕಾಲುಗಳು ಅಷ್ಟೆ. ಗಾಡಿಯವ ನನ್ನ ಕಡೆ ನೋಡಿ ತಲೆಯಾಡಿಸಿದ. ಈ ಸಂಭ್ರಮವೆಲ್ಲ ಪಂಪಿನ ವಿಷಯಕ್ಕೆ ಎಂದುಕೊಂಡಿದ್ದ ಅವನು.

ಸೋಪು ಮೆತ್ತಿದರೆ ಮನೆಯವರೆಗೆ ನಿಲ್ಲದು, ಮೇಲೆ ಬಟ್ಟೆ ಸುತ್ತಿ ಬಿಗಿಯಬೇಕು. ನಾನು ಗಂಟಿನಿಂದ ಆಸ್ಪತ್ರೆಯವರು ಕೊಟ್ಟಿದ್ದ ಬಿಳಿ ಪಟ್ಟಿಯ ಸುರುಳಿ ತೆಗೆದು ಒಂದು ತುಂಡು ಹರಿದೆ.

"ಏನದು ಪರಪರ ಅಂತ? ನನ್ ಕಣ್ಣಿನ ಬಟ್ಟೆ ವಂಡಿಗಾ?" ಎಂದಳು ಅವ್ವ.

"ನಿಂಗೂ ಉಳ್ಸಿದ್ದೀನಿ ಇರವ್ವ."

ಗೀರು ಬಿದ್ದ ಕಡೆ ಸೋಪನ್ನು ಉಗುರಿನಿಂದ ತುಂಬಿ, ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ನಮ್ಮವರ ಜೇಬಿನಲ್ಲಿ ಸದಾ ಇರುತ್ತಿದ್ದ ತಾಮ್ರದ ತಂತಿ ಕಟ್ಟಿದರು. ಪೈಪು ತಗಡಿಗೆ ತಾಕದಂತೆ ನಡುವೆ ಒಂದು ಗೋಣಿ ತುಂಡು. ಅದು ಗಾಡಿಯವನ ಕೊಡುಗೆ. ಎಂಜಿನ್ನು ಎದ್ದಾಗ ಅವನೇ ಎಲ್ಲರಿಗಿಂತ ಹೆಚ್ಚು ಹಿಗ್ಗಿದ.

ಅಣ್ಣನ ಬೆನ್ನೆಲ್ಲ ಕೆಂಪು ಮಣ್ಣು, ನಮ್ಮವರ ಮೂಗಿನ ಮೇಲೆ ಗ್ರೀಸು. ಇಬ್ಬರೂ ರಸ್ತೆ ಬದಿಯ ಕಾಲುವೆಯಲ್ಲಿ ಒಂದೇ ಸೋಪಿನ ಚೂರಲ್ಲಿ ಕೈ ತೊಳೆದರು. ತೊಳೆಯುವಾಗ ಇಬ್ಬರಿಗೂ ಹಳೆಯ ಮುನಿಸು ನೆನಪಾಗಿರಬೇಕು, ಮುಖ ಗಂಭೀರವಾಯಿತು. ಕಾರು ಹತ್ತಿ ಮತ್ತೆ ತಮ್ಮ ತಮ್ಮ ಕಿಟಕಿಯಾಚೆ ಮುಖ ಹಾಕಿದರು. ನನಗೆ ಭಯವಾಯಿತು, ಮತ್ತೆ ಟಪಾಲು ಶುರುವಾಗುತ್ತದೇನೋ ಎಂದು. ಪೆರಿಯಕುಳಂನ ಮಾವಿನ ತೋಪುಗಳು ಕಂಡಾಗ ಅಣ್ಣ ಗಂಟಲು ಸರಿಮಾಡಿಕೊಂಡು, ಮುಂದಿನ ಗಾಜಿಗೆ ಹೇಳುವವನಂತೆ ಹೇಳಿದ:

"ಡಬ್ಬಿಯಿಂದ ಕುಡ್ಸಿ ನೋಡಿದ್ದು ಒಳ್ಳೇ ಐಡಿಯಾ ಮಾಪ್ಳೆ."

"ಬಾಟ್ಲಿ ಐಡಿಯಾ ನಿಮ್ದೇ ಅಲ್ವಾ," ಎಂದರು ನಮ್ಮವರು.

"ಕಾಪಿ ಕುಡಿಯೋಣ್ವಾ?"

"ಕುಡಿಯೋಣ."

ಅಷ್ಟೆ. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಅವ್ವ ನನ್ನ ತೊಡೆಯ ಮೇಲೆ ಮಲಗಿದ್ದಲ್ಲೇ ನನ್ನ ಮೊಣಕೈಯನ್ನು ಒಮ್ಮೆ ಹಿಂಡಿದಳು.

ಸೌಹಾರ್ದ ಬಹಳ ದಿನ ಶಾಂತವಾಗಿ ಉಳಿಯಿತು ಎಂದು ಹೇಳಲಾರೆ. ತೇನಿಯ ಮೆಕ್ಯಾನಿಕ್ಕಿನ ಹತ್ತಿರ ಹೊಸ ಪೈಪು ಹಾಕಿಸಲು ಇಬ್ಬರೂ ಜೊತೆಯಲ್ಲೇ ಹೋದರು. ಮನೆಯಲ್ಲಿ ಪಂಪು ನಿಂತದ್ದು ಕಾಂಟ್ಯಾಕ್ಟು ಉಜ್ಜಿದ್ದಕ್ಕಲ್ಲ, ಟ್ಯಾಂಕು ತುಂಬಿದ್ದಕ್ಕೆ, ದಾರಿಯಲ್ಲಿ ಪೆಟ್ರೋಲು ಇಳಿದಂತೆ ಎಳೆತ ಹೆಚ್ಚಿ ಗಾಳಿ ನುಗ್ಗಿತು ಎಂದು ಅವನು ಬಿಡಿಸಿ ಹೇಳಿದ. ಅಲ್ಲಿ ಆ ತೂತನ್ನು ಕಂಡುಹಿಡಿದವರು ಯಾರು ಎಂಬ ಬಗ್ಗೆ ಮೆಕ್ಯಾನಿಕ್ಕಿನ ಎದುರೇ ವಾದಕ್ಕೆ ಬಿದ್ದರು. ಗಾಳಿ ಎಂದು ಮೊದಲು ಹೇಳಿದ್ದು ತಾನು ಎಂದು ಅಣ್ಣ, ಪಂಪು ತಪ್ಪಿತಸ್ಥನಲ್ಲ ಎಂದು ತೋರಿಸಿಕೊಡದಿದ್ದರೆ ಪೈಪಿನ ಹತ್ತಿರ ಹೋಗುತ್ತಿದ್ದವರಾರು ಎಂದು ನಮ್ಮವರು. ಮದುವೆ ಮನೆ, ಸಂತೆ, ಬಸ್‌ಸ್ಟ್ಯಾಂಡು, ಎಲ್ಲಿ ಸೇರಿದರೂ ಈ ಕತೆ ಎರಡು ಬಗೆಯಲ್ಲಿ ಹೊರಡುತ್ತಿತ್ತು. ಸೋಪಿನ ಉಪಾಯ ಯಾರದು ಎಂಬುದು ಮಾತ್ರ ಎರಡರಲ್ಲೂ ಬರುತ್ತಿರಲಿಲ್ಲ.

ಅವ್ವನ ಕಣ್ಣು ಚೆನ್ನಾಗಿ ಕೂಡಿಕೊಂಡಿತು. ದಪ್ಪ ಗ್ಲಾಸಿನ ಕನ್ನಡಕ ಬಂದ ಮೇಲೆ ಅವಳು ಅಕ್ಕಿಯಲ್ಲಿನ ಕಲ್ಲನ್ನು ಸೊಸೆಗಿಂತ ಮೊದಲು ಕಾಣತೊಡಗಿದಳು. ಆ ಮನೆಯಲ್ಲಿ ಅದರಿಂದ ಎದ್ದ ತಕರಾರುಗಳು ಬೇರೆ.

ನನಗೊಂದು ಆಸೆ ಹುಟ್ಟಿತ್ತು. ಆ ಗಾಡಿಯ ಒಳಗನ್ನು ಅಷ್ಟೆಲ್ಲ ನೋಡಿದ ಮೇಲೆ ಅದನ್ನು ನಾನೇ ಓಡಿಸಬೇಕು ಎಂದು. ಒಂದು ಭಾನುವಾರ ಇಬ್ಬರೂ ನಮ್ಮ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ ಕೇಳಿಯೇಬಿಟ್ಟೆ.

"ಬ್ಯಾಡ," ಎಂದರು ಇಬ್ಬರೂ. ಒಂದೇ ಉಸಿರಿನಲ್ಲಿ. ಇಬ್ಬರೂ ಏಕಮತಕ್ಕೆ ಬಂದ ಮೊದಲ ವಿಷಯ ಅದು. ಹೆಂಗಸರು ಓಡಿಸಿದರೆ ರಸ್ತೆಯಲ್ಲಿ ಜನ ನಿಂತು ನೋಡುತ್ತಾರೆ ಎಂದು ಅಣ್ಣ. ಕ್ಲಚ್ಚು ಸವೆಯುತ್ತದೆ ಎಂದು ನಮ್ಮವರು. ಜನ ನೋಡಿದರೆ ನೋಡಲಿ, ಕ್ಲಚ್ಚು ಸವೆದರೆ ಅದನ್ನು ಸರಿಮಾಡಲು ನೀವಿಬ್ಬರು ಬುದ್ಧಿವಂತರಿದ್ದೀರಲ್ಲ ಎಂದೆ ನಾನು. ಇಬ್ಬರೂ ಎಲೆಯಡಿಕೆ ತಟ್ಟೆಗೆ ಒಟ್ಟಿಗೆ ಕೈಚಾಚಿದರು.

ಬೆಳೆ ಕೊಯ್ಲಾದ ಮೇಲೆ, ಕೆರೆಯ ಏರಿಯ ಮೇಲಿನ ಮಣ್ಣು ರಸ್ತೆಯಲ್ಲಿ ಪಾಠ ಶುರುವಾಯಿತು. ಪಕ್ಕದಲ್ಲಿ ನಮ್ಮವರು, ಹಿಂದಿನ ಸೀಟಿನಲ್ಲಿ ಅಣ್ಣ. ಅವನನ್ನು ಯಾರೂ ಕರೆದಿರಲಿಲ್ಲ. ಎಡಗಡೆ ನೀರು, ಬಲಗಡೆ ಬಾಳೆ ತೋಟ, ನಡುವೆ ನಾನು. ಇಬ್ಬರೂ ಒಂದೇ ಸಮನೆ ಕೂಗುತ್ತಿದ್ದರು, ಒಬ್ಬರು ಬ್ರೇಕು ಒತ್ತು ಎಂದು, ಇನ್ನೊಬ್ಬರು ಒತ್ತಬೇಡ ಎಂದು. "ಒಬ್ಬೊಬ್ರಾಗಿ ಯೇಳಿ," ಎಂದು ನಾನು ಕೂಗಿದೆ. ಅಂದು ಎರಡನೆಯ ಗೇರಿನಿಂದ ಮೇಲಕ್ಕೆ ಹೋಗಲಿಲ್ಲ. ಏರಿ ಮುಗಿಯುವಲ್ಲಿ ತಿರುಗಿಸಲು ಬರದೆ ಸುಮ್ಮನೆ ಕೂತೆ. ಅವರು ಕೆಳಗಿಳಿದು, ಒಬ್ಬರು ಹಿಂದಿನಿಂದ, ಒಬ್ಬರು ಮಗ್ಗುಲಿನಿಂದ, ಗಾಡಿಯನ್ನು ತಳ್ಳಿ ಊರಿನ ಕಡೆಗೆ ತಿರುಗಿಸಿ ನಿಲ್ಲಿಸಿದರು.